ಮನೆಯವರಿಗೆಲ್ಲ ವಾರದಲ್ಲಿ ವಾಸಿ, ಅಮ್ಮನಿಗೆ ಮಾತ್ರ ತಿಂಗಳು ಕಳೆದರೂ ಪಾಸಿಟಿವ್. ಯಾಕೆ ಹೀಗೆ?

ಬೆಣ್ಣೆನಗರಿ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಕಳೆದ ತಿಂಗಳ ಮೊದಲ ವಾರ ನಮ್ಮ ಮನೆಗೆ ಕೋವಿಡ್ ಬಂತು. ತಂದವರು ನಮ್ಮ ಯಜಮಾನರು. ಆಫೀಸಿನ ಟ್ರೈನಿಂಗ್ ಅಂತ ಬೆಂಗಳೂರಿಗೆ ಹೋಗಿ ಬಂದಿದ್ದರು. ಅವರಿಗೆ ಎರಡು ಮೂರು ದಿನ ಜ್ವರ, ನನಗೆ ಗಂಟಲು ನೋವು, ಮಗನಿಗೆ ಒಂದು ರಾತ್ರಿ ಮೈ ಬಿಸಿ, ಅಷ್ಟೇ. ವಾರದೊಳಗೆ ನಾವೆಲ್ಲ ಎದ್ದು ಓಡಾಡಿಕೊಂಡಿದ್ದೆವು. ಅಮ್ಮ ಮಾತ್ರ ಇವತ್ತಿಗೂ ಸರಿಹೋಗಿಲ್ಲ. ಸಂಜೆಯಾದರೆ ಸಣ್ಣ ಜ್ವರ. ನಾಲ್ಕು ದಿನ ಇರಲ್ಲ, ಹೋಯಿತು ಅಂದುಕೊಂಡರೆ ಮತ್ತೆ ಬರುತ್ತದೆ. ಒಣ ಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ಎರಡು ಸಲ ಸ್ವಾಬ್ ಕೊಟ್ಟೆವು, ಎರಡೂ ಸಲ ಪಾಸಿಟಿವ್.

ಅಮ್ಮನಿಗೆ 67 ವರ್ಷ. ಬಹಳ ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುವಾತ, ಇದೆ. ಭಾನುವಾರ ಅದಕ್ಕೆ ಕೊಡುವ ಮಾತ್ರೆ ಮೆಥೊಟ್ರೆಕ್ಸೇಟ್, ಉಳಿದ ದಿನ ಫೋಲಿಕ್ ಆಸಿಡ್, ಬೆಳಿಗ್ಗೆ ತಿಂಡಿ ಆದ ಮೇಲೆ ಸಣ್ಣ ಡೋಸ್ ಸ್ಟೀರಾಯ್ಡ್. ಯುಗಾದಿ ಆದ ಮೇಲೆ ಆಸ್ಪತ್ರೆಯಲ್ಲಿ ಅರ್ಧ ದಿನ ಮಲಗಿಸಿ ಡ್ರಿಪ್‌ನಲ್ಲಿ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಎರಡು ವಾರ ಬಿಟ್ಟು ಇನ್ನೊಂದು ಸಲ. ಅದರ ಹೆಸರು ಫೈಲ್‌ನಲ್ಲಿದೆ, ಹುಡುಕಿ ಹೇಳುತ್ತೇನೆ.

ದೊಡ್ಡ ತಲೆನೋವು ಏನಂದರೆ ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ತಾಯಿ ಮಗುವನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದೇವೆ. ಅಮ್ಮ ಇಲ್ಲಿಂದ ವಿಡಿಯೋ ಕಾಲ್ ಮಾಡಿ, ಕೂಸಿನ ನೆತ್ತಿಗೆ ಎಣ್ಣೆ ಎಷ್ಟು ಹಾಕಬೇಕು, ಕಾಲ ಮೇಲೆ ಮಲಗಿಸಿಕೊಂಡು ನೀರು ಹೇಗೆ ಹುಯ್ಯಬೇಕು ಅಂತ ದೊಡ್ಡಮ್ಮನಿಗೆ ಹೇಳಿಕೊಡುತ್ತಾರೆ. ಮಧ್ಯೆ ಕೆಮ್ಮು ಬಂದರೆ ಫೋನ್ ತಿರುಗಿಸಿಬಿಡುತ್ತಾರೆ.

ಅಪ್ಪ ಹೇಳುವುದು, ಅವಳು ರೆಸ್ಟ್ ತಗೊಳ್ಳಲ್ಲ, ಅದಕ್ಕೇ ಹೀಗೆ ಅಂತ. ಅಣ್ಣ ಹೇಳುವುದು, ಲ್ಯಾಬ್‌ನವರು ದುಡ್ಡಿಗೆ ಪಾಸಿಟಿವ್ ಕೊಡ್ತಾರೆ ಅಂತ. ಪಕ್ಕದ ಮನೆಯವರು, ವೀಕ್ನೆಸ್ ಕಣ್ರೀ, ಮೊಟ್ಟೆ ತಿನ್ನಿಸಿ ಅಂತ. ವೈರಸ್ ಒಂದೇ, ಮನೆ ಒಂದೇ, ಅಡುಗೆ ಒಂದೇ. ಹಾಗಿದ್ದೂ ಕೆಲವರ ಮೈಯಿಂದ ಇದು ಬೇಗ ಹೋಗಲ್ಲ ಯಾಕೆ? ಅಮ್ಮನಿಂದ ಇನ್ನೂ ಬೇರೆಯವರಿಗೆ ಹರಡುತ್ತದಾ? ತಿಳಿದವರು ಹೇಳಿ.

ತುಂಗಾತೀರ ಬರೆದಿದ್ದು:

ಶುಗರ್ ಇದೆಯಾ ಮೇಡಂ ಅಮ್ಮನಿಗೆ? ನಮ್ಮ ಮಾವನಿಗೆ ಶುಗರ್ ಮುನ್ನೂರರ ಹತ್ತಿರ ಇದ್ದಾಗ ಬರೀ ಫ್ಲೂ ಮೂರು ವಾರ ಎಳೆದಾಡಿತು. ಶುಗರ್ ಇಳಿದ ಮೇಲೆ ಚೇತರಿಸಿಕೊಂಡರು. ಇನ್ನೊಂದು, ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಅಂದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಟಿಬಿ ಇಲ್ಲ ಅಂತ ಖಾತ್ರಿ ಆಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ.

ಲ್ಯಾಬ್ ಮೇಷ್ಟ್ರು ಬರೆದಿದ್ದು:

ಉತ್ತರ ಹೇಳುವ ಮೊದಲು ಎರಡು ವಿಷಯ ಬೇಕಮ್ಮ. ಒಂದು, ಮೂರೂ ರಿಪೋರ್ಟಿನಲ್ಲಿ ಸಿಟಿ ವ್ಯಾಲ್ಯೂ ಅಂತ ನಂಬರ್ ಇರಬಹುದು. ಇಲ್ಲದಿದ್ದರೆ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ. ಎರಡು, ಆ ಡ್ರಿಪ್ ಇಂಜೆಕ್ಷನ್ ಹೆಸರು. ಎರಡು ವಾರ ಬಿಟ್ಟು ಎರಡು ಸಲ ಅಂದಿದ್ದು ಕೇಳಿ ನನಗೊಂದು ಅನುಮಾನ ಬಂದಿದೆ.

ಬೆಣ್ಣೆನಗರಿ ಬರೆದಿದ್ದು:

ಸರ್, ಫೈಲ್ ಸಿಕ್ಕಿತು. ಇಂಜೆಕ್ಷನ್ ರಿಟುಕ್ಸಿಮ್ಯಾಬ್. ಸಿಟಿ ವ್ಯಾಲ್ಯೂ ಮೊದಲನೇದರಲ್ಲಿ 19, ಎರಡನೇದರಲ್ಲಿ 24, ಹೋದ ವಾರದ್ದರಲ್ಲಿ 22. ಮೂರೂ ಒಂದೇ ಲ್ಯಾಬ್. ತುಂಗಾತೀರ ಅವರೇ, ಶುಗರ್ ಬಾರ್ಡರ್‌ನಲ್ಲಿದೆ ಅಂತಾರೆ, ಮಾತ್ರೆ ಇಲ್ಲ. ಕಫ ಪರೀಕ್ಷೆಗೆ ನಾಳೆಯೇ ಕೊಡುತ್ತೇವೆ.

ಲ್ಯಾಬ್ ಮೇಷ್ಟ್ರು ಬರೆದಿದ್ದು:

ಅನುಮಾನ ನಿಜವಾಯಿತು. ಈಗ ಹೇಳುತ್ತೇನೆ. ನಾನು ಡಾಕ್ಟರಲ್ಲ, ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಟೆಕ್ನಿಶಿಯನ್ ಆಗಿದ್ದು ರಿಟೈರ್ ಆದವನು. 2020, 21ರಲ್ಲಿ ಹಗಲು ರಾತ್ರಿ ಮಾಡಿದ್ದು ಇದೇ ಕೆಲಸ.

ನಿಮ್ಮಣ್ಣನಿಗೆ ಮೊದಲು ಉತ್ತರ ಕೊಡುತ್ತೇನೆ. ಮೂಗಿನಿಂದ ತೆಗೆದ ಕಡ್ಡಿ ಗುಲಾಬಿ ಬಣ್ಣದ ನೀರಿರುವ ಬೆರಳುದ್ದದ ಟ್ಯೂಬಿನಲ್ಲಿ ನಮ್ಮ ಹತ್ತಿರ ಬರುತ್ತಿತ್ತು. ಕಡ್ಡಿ ಅರ್ಧಕ್ಕೆ ಮುರಿದು, ಮುಚ್ಚಳ ತಿರುಗಿಸಿ, ಮೇಲೆ ಟೇಪ್ ಸುತ್ತಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ. ನಾವು ಮಾಡುವ ಮೊದಲ ಕೆಲಸವೇ ವೈರಸ್ಸನ್ನು ಒಡೆದು ಹಾಕುವುದು. ಒಡೆದು, ಒಳಗಿನ ಆರ್‌ಎನ್‌ಎ ಅನ್ನುವ ವಂಶವಾಹಿ ಎಳೆ ಮಾತ್ರ ಬೇರೆ ಮಾಡಿಕೊಳ್ಳುತ್ತೇವೆ. ಹಾಗಾಗಿ ಮಶೀನಿಗೆ ಹೋಗುವ ಹೊತ್ತಿಗೆ ಅದು ಬದುಕಿದ್ದ ವೈರಸ್ಸಿನದೋ, ವಾರದ ಹಿಂದೆ ಸತ್ತ ವೈರಸ್ಸಿನ ಚೂರೋ, ವ್ಯತ್ಯಾಸ ಉಳಿದಿರುವುದಿಲ್ಲ. ಮಶೀನು ಆ ಚೂರನ್ನು ಸುತ್ತು ಸುತ್ತಿಗೂ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಪರದೆ ಮೇಲೆ ಗೆರೆ ಮಲಗಿದ್ದದ್ದು ಒಂದು ಸುತ್ತಿನಲ್ಲಿ ತಲೆ ಎತ್ತುತ್ತದೆ. ಎಷ್ಟನೇ ಸುತ್ತಿಗೆ ಎತ್ತಿತೋ ಅದೇ ಸಿಟಿ ವ್ಯಾಲ್ಯೂ. ನಂಬರ್ ಸಣ್ಣದಾದಷ್ಟೂ ವೈರಸ್ ಜಾಸ್ತಿ. 19ಕ್ಕೂ 34ಕ್ಕೂ ಮಧ್ಯೆ 15 ಸುತ್ತು, ಅಂದರೆ ಸುಮಾರು 32 ಸಾವಿರ ಪಟ್ಟು ಅಂತರ. ಕಿಟ್ ಬದಲಾದರೆ, ಕಡ್ಡಿಯನ್ನು ಸುಮ್ನೆ ಮೂಗಿನ ತುದಿಗೆ ಸವರಿ ಕಳಿಸಿದರೆ ನಂಬರ್ ಏರುಪೇರಾಗುತ್ತದೆ. ಅದಕ್ಕೇ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಈ ಒಂದು ನಂಬರ್ ನೋಡಿ ರೋಗಿಯ ಸ್ಥಿತಿ ತೀರ್ಮಾನ ಮಾಡಬೇಡಿ ಅಂದಿತ್ತು. ಆದರೆ ಒಂದೇ ಲ್ಯಾಬ್‌ನಲ್ಲಿ ಮೂರು ಸಲ ಮಾಡಿದ್ದು, ಮೂರೂ 25ರ ಒಳಗೆ ಇದ್ದರೆ, ಅದನ್ನು ತಳ್ಳಿಹಾಕುವುದು ಕಷ್ಟ.

ತಿಂಗಳಾದರೂ ಪಾಸಿಟಿವ್ ಅಂತ ಬರುವವರಲ್ಲಿ ಹೆಚ್ಚಿನವರ ಕಥೆ ನಿಮ್ಮಮ್ಮನದಲ್ಲ. ಅವರದು ಬರೀ ಚೂರುಗಳ ಕಥೆ. ಊಟ ಮುಗಿಸಿ ನೆಂಟರು ಹೋಗಿದ್ದರೂ ಪಂಕ್ತಿಯಲ್ಲಿ ಎಂಜಲೆಲೆ ಬಿದ್ದಿರುತ್ತದಲ್ಲ, ಹಾಗೆ. 2020ರ ಮೊದಲಲ್ಲಿ ಇದು ಗೊತ್ತಿಲ್ಲದೆ ಜನ ಎಷ್ಟು ಅನುಭವಿಸಿದರು! ಆಗ ಎರಡು ನೆಗೆಟಿವ್ ಬಂದರೆ ಮಾತ್ರ ಡಿಸ್ಚಾರ್ಜ್. ಜ್ವರ ಬಿಟ್ಟು, ಚೆನ್ನಾಗಿ ಊಟ ಮಾಡಿಕೊಂಡು, ವಾರ್ಡಿನಲ್ಲಿ ಇಸ್ಪೀಟು ಆಡಿಕೊಂಡಿದ್ದವರ ಸ್ಯಾಂಪಲ್ ಮತ್ತೆ ಮತ್ತೆ ಬರುತ್ತಿತ್ತು. ನಂಬರ್ 33, 34. ಕೊನೆಗೆ 2020ರ ಮೇ 8ರಂದು ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಸಣ್ಣ ಲಕ್ಷಣ ಇದ್ದವರಿಗೆ 10 ದಿನ ಆಗಿ, ಮೂರು ದಿನ ಜ್ವರ ಇಲ್ಲದಿದ್ದರೆ ಟೆಸ್ಟ್ ಇಲ್ಲದೆ ಮನೆಗೆ. ಅದೇ ಹೊತ್ತಿಗೆ ದಕ್ಷಿಣ ಕೊರಿಯಾದವರು ವಾಸಿಯಾಗಿ ಮತ್ತೆ ಪಾಸಿಟಿವ್ ಬಂದ 285 ಜನರನ್ನು ಪರಿಶೀಲಿಸಿದ್ದರು. ಅವರ ಜೊತೆ ಓಡಾಡಿದ 790 ಜನರನ್ನು ಹಿಂಬಾಲಿಸಿ ನೋಡಿದರು. ಮತ್ತೆ ಪಾಸಿಟಿವ್ ಆದವರಿಂದಲೇ ಹರಡಿತು ಅನ್ನುವುದಕ್ಕೆ ಏನೂ ಸಿಗಲಿಲ್ಲ. ಸಿಂಗಪುರದ ತಜ್ಞರೂ 11ನೇ ದಿನದ ಮೇಲೆ ಲ್ಯಾಬಿನಲ್ಲಿ ಜೀವಂತ ವೈರಸ್ ಬೆಳೆಸಲು ಆಗಲಿಲ್ಲ ಅಂದರು.

ವುಹಾನ್‌ನ ಎರಡು ಆಸ್ಪತ್ರೆಗಳ 191 ರೋಗಿಗಳ ಲೆಕ್ಕವನ್ನು ಲ್ಯಾನ್ಸೆಟ್ ಪತ್ರಿಕೆ 2020ರ ಮಾರ್ಚ್‌ನಲ್ಲಿ ಹಾಕಿತ್ತು. ಬದುಕಿ ಹೊರಬಂದವರಲ್ಲಿ ಅರ್ಧದಷ್ಟು ಜನರಿಗೆ 20 ದಿನ ಅಥವಾ ಇನ್ನೂ ಹೆಚ್ಚು ಕಾಲ ಪಾಸಿಟಿವ್ ಇತ್ತು, ಅತಿ ಹೆಚ್ಚು ಅಂದರೆ 37 ದಿನ. ಅದು ನೋಡಿ ಎಲ್ಲರೂ ಹೆದರಿದ್ದರು. ಚೀನಾದಲ್ಲೇ 113 ಜನರ ಇನ್ನೊಂದು ಲೆಕ್ಕದಲ್ಲಿ ಯಾರಿಗೆ ತಡ ಆಯಿತು ಅಂತ ಹುಡುಕಿದರು. ಗಂಡಸರು, ಕಾಯಿಲೆ ಶುರುವಾಗಿ ತಡವಾಗಿ ಆಸ್ಪತ್ರೆಗೆ ಸೇರಿದವರು, ವೆಂಟಿಲೇಟರ್ ಹಾಕಿಸಿಕೊಂಡವರು. ಈ ಮೂರು ಎದ್ದು ಕಂಡವು.

ಈಗ ನಿಮ್ಮ ಮುಖ್ಯ ಪ್ರಶ್ನೆ. ವೈರಸ್ಸನ್ನು ಮೈಯಿಂದ ತೆಗೆಯುವುದು ಮಾತ್ರೆಯಲ್ಲ, ಮೊಟ್ಟೆಯೂ ಅಲ್ಲ, ಮೈಯೇ. ಮೂರು ಹಂತ ಇದೆ. ವೈರಸ್ ಹೊಕ್ಕ ಕೆಲವೇ ಗಂಟೆಗಳಲ್ಲಿ ಆ ಜೀವಕೋಶ ಇಂಟರ್‌ಫೆರಾನ್ ಬಿಡುತ್ತದೆ. ಸುತ್ತಲಿನ ಜೀವಕೋಶಗಳಿಗೆ ಅದು ಎಚ್ಚರಿಕೆ. ಇದು ತಡವಾದರೆ ವೈರಸ್ ಅಷ್ಟರಲ್ಲೇ ಊರೆಲ್ಲ ಹರಡಿರುತ್ತದೆ. ಕೆಲವರಿಗೆ ಇಲ್ಲೇ ಎಡವಟ್ಟು. 2020ರಲ್ಲಿ ಕಂಡುಬಂದ ವಿಷಯ ಕೇಳಿ. ಉಸಿರಾಟಕ್ಕೇ ಕುತ್ತು ಬಂದಿದ್ದ 987 ಕೋವಿಡ್ ರೋಗಿಗಳಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್‌ಗೆ ಅಡ್ಡ ಹಾಕುವ ಆಂಟಿಬಾಡಿ ಇತ್ತು. ಅವರಲ್ಲಿ 95 ಜನ ಗಂಡಸರು. ಮೊದಲು ಗಟ್ಟಿಮುಟ್ಟಾಗಿಯೇ ಇದ್ದವರೂ ಅದರಲ್ಲಿದ್ದರು. ಹೊರಗಿನಿಂದ ನೋಡಿ ಇವರಿಗೆ ಇಮ್ಯುನಿಟಿ ಜಾಸ್ತಿ, ಇವರಿಗೆ ಕಮ್ಮಿ ಅಂತ ಹೇಳುವವರನ್ನು ನಾನು ಅವತ್ತಿನಿಂದ ನಂಬುವುದಿಲ್ಲ.

ಎರಡನೆಯದು ಟಿ ಜೀವಕೋಶ. ವೈರಸ್ ಹೊಕ್ಕಿರುವ ಜೀವಕೋಶವನ್ನೇ ಹುಡುಕಿ ಕೊಲ್ಲುವ ಕೆಲಸ ಇವುಗಳದ್ದು. ಹೊಸ ವೈರಸ್ಸಾದರೆ ಇವು ತಯಾರಾಗಲು ವಾರ ಬೇಕು. ವಯಸ್ಸಾದವರಲ್ಲಿ ಹೊಸ ವೈರಸ್ಸನ್ನು ಕಲಿಯುವ ಟಿ ಜೀವಕೋಶಗಳೇ ಕಮ್ಮಿ. ಅವನ್ನು ಬೆಳೆಸುವ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗುತ್ತಾ ಬರುತ್ತದೆ. ಶುಗರ್ ಜಾಸ್ತಿ ಇದ್ದರೂ, ಸ್ಟೀರಾಯ್ಡ್ ತಗೊಳ್ಳುತ್ತಿದ್ದರೂ ಇವು ಮಂದ. ಮೂರನೆಯದು ಬಿ ಜೀವಕೋಶ ಮಾಡುವ ಆಂಟಿಬಾಡಿ. ಹೊರಗೆ ಓಡಾಡುವ ವೈರಸ್ಸಿಗೆ ಅಂಟಿಕೊಂಡು, ಅದು ಇನ್ನೊಂದು ಜೀವಕೋಶದೊಳಗೆ ನುಗ್ಗದ ಹಾಗೆ ಮಾಡುತ್ತದೆ. ಎರಡನೇ ವಾರದ ಹೊತ್ತಿಗೆ ಇದು ಸಾಕಷ್ಟು ಆಗಿರುತ್ತದೆ.

ರಿಟುಕ್ಸಿಮ್ಯಾಬ್ ಮಾಡುವ ಕೆಲಸವೇ ಆ ಬಿ ಜೀವಕೋಶಗಳನ್ನು ಅಳಿಸುವುದು. ಕೀಲಿನ ಮೇಲೆ ದಾಳಿ ಮಾಡುವ ಆಂಟಿಬಾಡಿ ಬರಬಾರದು ಅಂತ ಕೊಡುತ್ತಾರೆ. ಒಳ್ಳೆಯ ಔಷಧವೇ, ಅದಿಲ್ಲದಿದ್ದರೆ ನಿಮ್ಮಮ್ಮನ ಬೆರಳುಗಳು ಇವತ್ತಿಗೆ ಹೇಗಿರುತ್ತಿದ್ದವೋ. ಆದರೆ ಅಳಿಸಿದ ಜೀವಕೋಶ ಮತ್ತೆ ಹುಟ್ಟಲು ಆರು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಯುಗಾದಿ ಆದ ಮೇಲೆ ಕೊಟ್ಟಿದ್ದಾರೆ, ಈಗ ಮಳೆಗಾಲ. ಈ ಹೊತ್ತಿನಲ್ಲಿ ಲಸಿಕೆ ಹಾಕಿದರೂ ಮೈ ಸರಿಯಾಗಿ ಕಲಿಯುವುದಿಲ್ಲ. ಮೂರನೇ ಹಂತವೇ ಇಲ್ಲ ಅಂದ ಮೇಲೆ ವೈರಸ್ ಒಂದು ವಾರ ತಗ್ಗುತ್ತದೆ, ಇನ್ನೊಂದು ವಾರ ಏಳುತ್ತದೆ. ನಿಮ್ಮ 19, 24, 22 ಅದನ್ನೇ ಹೇಳುತ್ತಿದೆ ಅಂತ ನನಗನ್ನಿಸುತ್ತದೆ. ರೆಸ್ಟ್ ತಗೊಳ್ಳಲಿಲ್ಲ ಅಂತ ಅಮ್ಮನನ್ನು ಬೈಯಬೇಡಿ ಅಂತ ಅಪ್ಪನಿಗೆ ಹೇಳಿ.

ಇಂಥವರು ಇದ್ದಾರೆ ಅಂತ ದಾಖಲೆಯೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರಕ್ತದ ಕ್ಯಾನ್ಸರ್ ಇದ್ದ, ಆಂಟಿಬಾಡಿ ಕಮ್ಮಿ ಇದ್ದ 71 ವರ್ಷದ ಹೆಂಗಸಿಗೆ ಕೋವಿಡ್ ಆಯಿತು. ಕೋವಿಡ್‌ನ ಲಕ್ಷಣ ಒಂದೂ ಇಲ್ಲ. ಆದರೆ 70 ದಿನದವರೆಗೆ ಜೀವಂತ ವೈರಸ್ ಸಿಕ್ಕಿತು, 105 ದಿನದವರೆಗೆ ಪಿಸಿಆರ್, ಅಂದರೆ ಮೇಲೆ ಹೇಳಿದ ಮಶೀನಿನ ಟೆಸ್ಟ್, ಪಾಸಿಟಿವ್. ಕೊನೆಗೆ ಹೋಯಿತು. ಬಾಸ್ಟನ್‌ನ 45 ವರ್ಷದ ಒಬ್ಬರು ಅಷ್ಟು ಅದೃಷ್ಟವಂತರಾಗಿರಲಿಲ್ಲ. ಸ್ಟೀರಾಯ್ಡ್, ರಿಟುಕ್ಸಿಮ್ಯಾಬ್ ಎಲ್ಲ ತಗೊಂಡವರು. ಮತ್ತೆ ಮತ್ತೆ ಆಸ್ಪತ್ರೆಗೆ ಬಂದು 154ನೇ ದಿನ ತೀರಿಕೊಂಡರು. ಅಷ್ಟರಲ್ಲಿ ವೈರಸ್ ಅವರ ಮೈಯೊಳಗೇ ಬಹಳ ಬದಲಾಗಿತ್ತು. ಹೆದರಿಸಲು ಹೇಳುತ್ತಿಲ್ಲ. ಅದು 2020, ಆಗ ಔಷಧ ಕಮ್ಮಿ, ಲಸಿಕೆ ಬಂದಿರಲಿಲ್ಲ. ಆದರೆ ತಿಂಗಳಾಯಿತು, ಇನ್ನು ಹರಡಲ್ಲ ಬಿಡಿ ಅಂತ ಯಾರಾದರೂ ಹೇಳಿದರೆ, ಆ ಮಾತು ನಿಮ್ಮ ಮಗನಿಗೆ ಸರಿ, ಅಮ್ಮನಿಗೆ ಸರಿಯಲ್ಲ. ಕೂಸು ದೊಡ್ಡಮ್ಮನ ಮನೆಯಲ್ಲೇ ಇರಲಿ.

ನಾಟಿ ವೈದ್ಯ ಪ್ರೇಮಿ ಬರೆದಿದ್ದು:

ಇಷ್ಟೆಲ್ಲ ಇಂಗ್ಲಿಷ್ ಮಾತ್ರೆ ತಿಂದರೆ ಇನ್ನೇನಾಗುತ್ತೆ? ಮೇಷ್ಟ್ರೇ ಹೇಳಿದರಲ್ಲ, ಔಷಧದಿಂದಲೇ ಶಕ್ತಿ ಹೋಗಿದೆ ಅಂತ. ಎಲ್ಲ ನಿಲ್ಲಿಸಿ. ಅಮೃತಬಳ್ಳಿ ಕಷಾಯ ಬೆಳಿಗ್ಗೆ ಸಂಜೆ ಕೊಡಿ. ಹದಿನೈದು ದಿನದಲ್ಲಿ ನೆಗೆಟಿವ್ ಬರದಿದ್ದರೆ ಕೇಳಿ.

ಲ್ಯಾಬ್ ಮೇಷ್ಟ್ರು ಬರೆದಿದ್ದು:

ಸ್ವಾಮಿ, ಎಲ್ಲ ನಿಲ್ಲಿಸಿ ಅಂತ ನಾನು ಹೇಳಿಲ್ಲ. ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರ ಮೈ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಜ್ವರ ಇರುವಾಗ ಥಟ್ ಅಂತ ನಿಲ್ಲಿಸಿದರೆ ಬಿಪಿ ಬಿದ್ದು ಪ್ರಾಣಕ್ಕೇ ಬರುತ್ತದೆ. ಯಾವುದು ನಿಲ್ಲಿಸಬೇಕು, ಯಾವುದು ಬೇಡ ಅಂತ ಡಾಕ್ಟರ್ ಹೇಳಬೇಕು.

ಇನ್ನು ಅಮೃತಬಳ್ಳಿ. ಶುಂಠಿ, ಮೆಣಸು, ಜೀರಿಗೆ ಹಾಕಿ ಬಿಸಿಬಿಸಿ ಕುಡಿದರೆ ಗಂಟಲಿಗೆ ಹಿತ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಆದರೆ 2020ರ ಕೊನೆಯಲ್ಲಿ ಮುಂಬೈನಲ್ಲಿ ಅಮೃತಬಳ್ಳಿ ತಗೊಂಡಿದ್ದ ಆರು ಜನರಿಗೆ ಲಿವರ್‌ಗೆ ಪೆಟ್ಟಾಯಿತು ಅಂತ ಅಲ್ಲಿನ ವೈದ್ಯರು ವರದಿ ಮಾಡಿದ್ದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ, ಬೇರೆ ಗಿಡ ಇರಬಹುದು ಅಂದಿತು. ಜಗಳ ಅವರು ಮಾಡಿಕೊಳ್ಳಲಿ. ಮೆಥೊಟ್ರೆಕ್ಸೇಟ್ ತಗೊಳ್ಳುವವರ ಲಿವರ್ ಮೇಲೆ ಮೊದಲೇ ಭಾರ ಇರುತ್ತದೆ, ಅದಕ್ಕೇ ಅವರಿಗೆ ಆಗಾಗ ಲಿವರ್ ಟೆಸ್ಟ್ ಮಾಡಿಸುತ್ತಾರೆ. ಅಂಥವರ ಮೇಲೆ ಪ್ರಯೋಗ ಬೇಡ.

ಎರಡನೇ ಇನ್ನಿಂಗ್ಸ್ ಬರೆದಿದ್ದು:

ಮೇಷ್ಟ್ರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನನಗೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿದೆ. ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ವೈಸಲೋನ್, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ಈ ಮೂರೂ ಮಾತ್ರೆ ಜೀವನಪರ್ಯಂತ. ಒಂದು ಚಳಿಗಾಲ ಫ್ಲೂ ಬಂದಿತ್ತು. ಹೆಂಡತಿ ಐದನೇ ದಿನ ಸ್ಕೂಲಿಗೆ ಪಾಠ ಮಾಡಲು ಹೊರಟಳು, ನಾನು ಮೂರನೇ ವಾರವೂ ಸೋಫಾದ ಮೇಲೇ. ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ್, ಹೇಳಿದ್ದು, ಸಾಮಾನ್ಯ ಜನ ಐದರಿಂದ ಏಳು ದಿನ ಫ್ಲೂ ವೈರಸ್ ಹೊರಹಾಕುತ್ತಾರೆ, ನಿಮ್ಮಂಥವರು ವಾರಗಟ್ಟಲೆ ಅಂತ. ಫ್ಲೂ ಔಷಧ ಒಸೆಲ್ಟಾಮಿವಿರ್ ಕೋರ್ಸ್ ಎಲ್ಲರಿಗಿಂತ ಉದ್ದ ಕೊಟ್ಟರು. ಮೈಕೊಫೆನೊಲೇಟ್ ಕೆಲವು ದಿನ ನಿಲ್ಲಿಸಿದರು. ಉಳಿದೆರಡು ಮುಟ್ಟಲಿಲ್ಲ. ಕಿಡ್ನಿ ಹೋಗದ ಹಾಗೆ, ವೈರಸ್ಸೂ ಹೋಗುವ ಹಾಗೆ ತೂಗಿ ನೋಡುವ ಲೆಕ್ಕ ಅದು. ನಮ್ಮ ಕೈಲಾಗುವ ಕೆಲಸವಲ್ಲ.

ಇನ್ನೊಂದು ಮಾತು ಖಂಡಿತ ನೆನಪಿಡಿ ಅಕ್ಕ. ಆಗ ಕೆಮ್ಮಿಗೆ ಅಂತ ಮೆಡಿಕಲ್ ಸ್ಟೋರ್‌ಗೆ ಹೋದರೆ ಅಂಗಡಿಯವರು ಏನೂ ಕೇಳದೆ ಕ್ಲಾರಿಥ್ರೊಮೈಸಿನ್ ಕೊಟ್ಟು ಕಳಿಸಿದರು. ಅದು ಆಂಟಿಬಯೋಟಿಕ್, ವೈರಸ್ಸಿಗೆ ಏನೂ ಮಾಡಲ್ಲ. ಸಾಲದ್ದಕ್ಕೆ ಟ್ಯಾಕ್ರೊಲಿಮಸ್ ಮಟ್ಟವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ. ಕೈ ನಡುಗಲು ಶುರುವಾಗಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್ ಏರಿ, ಅದನ್ನು ಇಳಿಸಲು ಬೇರೆ ಒದ್ದಾಟ. ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಕೂಡ ನಮಗೆ ಹೀಗೇ ಮಾಡುತ್ತದೆ. ಅಮ್ಮನ ಮಾತ್ರೆಗಳ ಪೂರ್ತಿ ಪಟ್ಟಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಭಾನುವಾರದ ಮಾತ್ರೆ ಎದುರಿಗೆ ‘ವಾರಕ್ಕೊಮ್ಮೆ ಮಾತ್ರ’ ಅಂತ ದಪ್ಪಗೆ ಬರೆಯಿರಿ. ಅಡ್ಮಿಟ್ ಆದಾಗ ಅದನ್ನು ದಿನಾ ಕೊಟ್ಟು ಅನಾಹುತ ಆಗಿರುವ ಉದಾಹರಣೆಗಳಿವೆ.

ಚಿನ್ನು ಅಮ್ಮ ಬರೆದಿದ್ದು:

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಜೂನ್‌ನಲ್ಲಿ ನರ್ಸರಿಗೆ ಸೇರಿದ. ಅವತ್ತಿನಿಂದ ಮೂಗು ಸೋರುವುದು ನಿಂತಿಲ್ಲ. ಇವನಿಗೂ ವೈರಸ್ ಹೋಗ್ತಾ ಇಲ್ಲ ಅಂತಲೇ ಅರ್ಥವಾ? ಅತ್ತೆ ದಿನಾ ನನ್ನನ್ನೇ ಬೈತಾರೆ, ತಲೆ ಒರೆಸಲ್ಲ ಅಂತ.

ಲ್ಯಾಬ್ ಮೇಷ್ಟ್ರು ಬರೆದಿದ್ದು:

ಇಲ್ಲಮ್ಮ. ಅವನದು ಬೇರೆ ಸಂಗತಿ. ಒಂದೇ ವೈರಸ್ ಕೂತಿರುವುದಲ್ಲ, ಒಂದು ಹೋಗುವಷ್ಟರಲ್ಲಿ ಇನ್ನೊಂದು ಬರುವುದು. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 160ರ ಹತ್ತಿರ ಬಗೆಗಳಿವೆ. ನರ್ಸರಿಯಲ್ಲಿ ಮಕ್ಕಳು ಅವನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಮಕ್ಕಳಿಗೆ ಎಲ್ಲ ವೈರಸ್ಸೂ ಹೊಸದು, ಅದಕ್ಕೇ ಫ್ಲೂ ಆದರೂ ದೊಡ್ಡವರಿಗಿಂತ ಜಾಸ್ತಿ ದಿನ, 10 ದಿನ ದಾಟಿಯೂ ಹೊರಹಾಕುತ್ತಾರೆ. ಆರ್‌ಎಸ್‌ವಿ ಅಂತ ಇನ್ನೊಂದಿದೆ. ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಹರಡುತ್ತದೆ, ಎಳೆ ಕೂಸುಗಳಲ್ಲಿ ನಾಲ್ಕು ವಾರದವರೆಗೂ ಇರಬಹುದು. ಬೆಣ್ಣೆನಗರಿಯವರ ತಂಗಿಯೂ ಇದನ್ನು ಓದಲಿ. ಕೂಸು ಆಡಿಸಲು ಬರುವ ನೆಗಡಿ ಮೂಗಿನ ಪುಟಾಣಿಗಳನ್ನು ಬಾಗಿಲಲ್ಲೇ ನಿಲ್ಲಿಸಲಿ. ನಿಮ್ಮ ಮಗ ತಿಂದುಂಡು ಆಡಿಕೊಂಡಿದ್ದರೆ, ತೂಕ ಸರಿಯಾಗಿ ಏರುತ್ತಿದ್ದರೆ ಚಿಂತೆ ಬೇಡ. ಒದ್ದೆ ತಲೆಯಿಂದ ವೈರಸ್ ಹುಟ್ಟಲ್ಲ ಅಂತ ಅತ್ತೆಗೆ ನಾನು ಹೇಳಿದೆ ಅನ್ನಿ. ಬೈಗುಳ ನನಗೆ ಬರಲಿ.

ಎದೆ ಡಾಕ್ಟ್ರು, ಹುಬ್ಬಳ್ಳಿ ಬರೆದಿದ್ದು:

ಓಪಿಡಿ ಮುಗಿಸಿ ಈಗ ನೋಡಿದೆ. ಮೇಷ್ಟ್ರು ಬಹುತೇಕ ಎಲ್ಲ ಹೇಳಿದ್ದಾರೆ. ಮೇಡಂ, ನೀವು ಕಾಯುತ್ತಾ ಕೂರುವ ಹಂತ ದಾಟಿದೆ ಅಂತ ಹೇಳಲು ಬರೆಯುತ್ತಿದ್ದೇನೆ.

ಬಂದು ಹೋಗುವ ಜ್ವರ, ಏದುಸಿರು, ರಿಟುಕ್ಸಿಮ್ಯಾಬ್. ಈ ಮೂರೂ ಒಟ್ಟಿಗೆ ಇದ್ದರೆ ನಾವು ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತೇವೆ. ಮೇಷ್ಟ್ರು ಹೇಳಿದ ಸಿಟಿ ಬೇರೆ, ಇದು ಬೇರೆ, ಗೊಂದಲ ಮಾಡ್ಕೋಬೇಡಿ. ಇಂಥವರಲ್ಲಿ ಶ್ವಾಸಕೋಶದ ಒಂದು ಕಡೆ ಇದ್ದ ಮಚ್ಚೆ ಹೋಗಿ ಇನ್ನೊಂದು ಕಡೆ ಹೊಸದು ಕಾಣುವುದುಂಟು. ಕೆಲವರಿಗೆ ಮೂಗಿನ ಸ್ವಾಬ್ ನೆಗೆಟಿವ್ ಬಂದರೂ ಕೆಳಗೆ ಶ್ವಾಸಕೋಶದಲ್ಲಿ ವೈರಸ್ ಇರುತ್ತದೆ, ದುರ್ಬೀನು ಹಾಕಿ ತೊಳೆದ ನೀರಿನಲ್ಲಿ ಸಿಗುತ್ತದೆ. ರಕ್ತದಲ್ಲಿ ಇಮ್ಯುನೋಗ್ಲಾಬ್ಯುಲಿನ್ ಜಿ, ಅಂದರೆ ಮುಖ್ಯ ಆಂಟಿಬಾಡಿ, ಎಷ್ಟಿದೆ ನೋಡಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ, ಕೂತಾಗ ಒಮ್ಮೆ, ವರಾಂಡದಲ್ಲಿ ಆರು ನಿಮಿಷ ನಡೆಸಿ ಒಮ್ಮೆ ಬರೆದಿಡಿ. ಕೂತಾಗಲೇ 94ಕ್ಕಿಂತ ಕೆಳಗಿದ್ದರೆ ಇವತ್ತೇ ಹೊರಡಿ. ಎಲ್ಲ ಕೆಮ್ಮೂ ವೈರಸ್ಸಿನದಲ್ಲ. ವೈರಸ್ ಹೋದ ಮೇಲೂ ಶ್ವಾಸನಾಳ ಸೂಕ್ಷ್ಮವಾಗಿದ್ದು ಕೆಮ್ಮು ಎಂಟು ವಾರದವರೆಗೆ ಉಳಿಯಬಹುದು, ಅದಕ್ಕೆ ಹೆದರಬೇಕಿಲ್ಲ. ನಿಮ್ಮಮ್ಮನಿಗೆ ಜ್ವರವೂ ಇದೆ, ಏದುಸಿರೂ ಇದೆ. ಅದಕ್ಕೇ ಬೇರೆ ಅನ್ನುತ್ತಿದ್ದೇನೆ. ಟಿಬಿ ಪರೀಕ್ಷೆ ಖಂಡಿತ ಮಾಡಿಸಿ, ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಅದನ್ನು ಮರೆಯಬಾರದು. ಭಾನುವಾರದ ಮಾತ್ರೆಯನ್ನು ಸೋಂಕು ಇರುವಾಗ ನಾವು ಸಾಮಾನ್ಯವಾಗಿ ಮುಂದೂಡಿಸುತ್ತೇವೆ. ಆದರೂ ನಿಮ್ಮ ಕೀಲಿನ ಡಾಕ್ಟರ್ ರುಮಟಾಲಜಿಸ್ಟ್‌ಗೆ ಫೋನ್ ಮಾಡಿ ಕೇಳಿಯೇ ನಿರ್ಧರಿಸಿ.

ಬೆಣ್ಣೆನಗರಿ ಬರೆದಿದ್ದು:

ತಡವಾಗಿ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಿ. ಆಸ್ಪತ್ರೆ ಓಡಾಟದಲ್ಲಿ ಈ ಕಡೆ ಬರಲಾಗಲಿಲ್ಲ.

ಡಾಕ್ಟ್ರು ಹೇಳಿದ ಹಾಗೆ ವರಾಂಡದಲ್ಲಿ ನಡೆಸಿ ನೋಡಿದೆವು. ಕೂತಾಗ 96 ಇದ್ದದ್ದು ನಡೆದ ಮೇಲೆ 90ಕ್ಕೆ ಬಂತು. ಅವತ್ತೇ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿದೆವು. ಸ್ಕ್ಯಾನ್‌ನಲ್ಲಿ ಎರಡೂ ಕಡೆ ಮಚ್ಚೆ ಇದೆ. ಇಮ್ಯುನೋಗ್ಲಾಬ್ಯುಲಿನ್ ಕಮ್ಮಿ ಬಂದಿದೆ. ಟಿಬಿ ಇಲ್ಲ. ವೈರಸ್ ತಗ್ಗಿಸುವ ಔಷಧ ರೆಮ್‌ಡೆಸಿವಿರ್ ಕೊಟ್ಟರು, ಸ್ಟೀರಾಯ್ಡ್ ಮುಂದುವರಿಸಿದರು, ಮೆಥೊಟ್ರೆಕ್ಸೇಟ್ ಸದ್ಯಕ್ಕೆ ನಿಲ್ಲಿಸಿದ್ದಾರೆ. ಎರಡನೇ ಇನ್ನಿಂಗ್ಸ್ ಅವರು ಹೇಳಿದ ಹಾಳೆ ಬಹಳ ಉಪಯೋಗಕ್ಕೆ ಬಂತು. ರಾತ್ರಿ ಡ್ಯೂಟಿ ಸಿಸ್ಟರ್ ಅದನ್ನೇ ಕೇಸ್ ಶೀಟ್‌ಗೆ ಪಿನ್ ಮಾಡಿಕೊಂಡರು.

ಜ್ವರ ಬಿಟ್ಟಿದೆ. ಅಮ್ಮ ಮನೆಗೆ ಬಂದಿದ್ದಾರೆ. ಈ ವಾರದ ಸ್ವಾಬ್‌ನಲ್ಲಿ ನಂಬರ್ 31. ಅಣ್ಣ ಈಗ ಲ್ಯಾಬ್ ಬಗ್ಗೆ ಮಾತಾಡ್ತಾ ಇಲ್ಲ. ಡಾಕ್ಟರು ಇನ್ನೊಂದು ಸಲ ನೋಡಿ, ಇಷ್ಟೇ ಇದ್ದರೆ ಅಥವಾ ಏರಿದ್ದರೆ ಕೂಸನ್ನು ಕರೆಸಿ ಅಂದಿದ್ದಾರೆ. ಅಲ್ಲಿಯವರೆಗೆ ಅಮ್ಮನಿಗೆ ವಿಡಿಯೋ ಕಾಲೇ ಗತಿ. ಅಲ್ಲಿ ದೊಡ್ಡಮ್ಮನೂ ಸ್ವಲ್ಪ ಮುನಿಸಿಕೊಂಡಿದ್ದಾರೆ, ನಾನೇನು ಮಕ್ಕಳನ್ನೇ ಸಾಕಿಲ್ಲವಾ ಅಂತ.

ಮುಂದಿನ ರಿಟುಕ್ಸಿಮ್ಯಾಬ್ ಈಗ ಬೇಡ, ಬೇರೆ ಯಾವುದಾದರೂ ಔಷಧಕ್ಕೆ ಹೋಗೋಣ ಅಂತ ರುಮಟಾಲಜಿಸ್ಟ್ ಹೇಳಿದ್ದಾರೆ. ಆ ಬದಲಾವಣೆ ಬಗ್ಗೆ ಕೇಳುವುದು ಬಹಳ ಇದೆ, ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ. ಮೇಷ್ಟ್ರೇ, ಅಲ್ಲಿಗೂ ಬನ್ನಿ.